ಇಳಿಸು, ಉಳಿಸು, ತೆಗೆದಿಡು: ಮೊಬೈಲ್‌ಗೆ ಬರುವ ವಿಡಿಯೋಗೆ ಯಾವ ಪದ?

ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರಿಗಾಗಿ ಒಂದು ಪುಟದ ಸೂಚನಾಪತ್ರ ಸಿದ್ಧಪಡಿಸುತ್ತಿದ್ದೇನೆ. ಹುಳು ಸಾಕಣೆಯ ವಿಡಿಯೋಗಳು ಗೂಗಲ್ ಡ್ರೈವ್‌ನಲ್ಲಿವೆ. ಹುಳುಮನೆಗಳಿರುವುದು ತೋಟದಲ್ಲಿ, ಅಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವ ಹೊತ್ತಿನಲ್ಲಿ ಪರದೆಯ ಮೇಲಿನ ಚಕ್ರ ಸುತ್ತುವುದನ್ನು ನೋಡುತ್ತಾ ಕೂರಲು ಯಾರಿಗೆ ಪುರುಸೊತ್ತಿದೆ? ಹಾಗಾಗಿ ವಿಡಿಯೋವನ್ನು ಮನೆಯಲ್ಲಿದ್ದಾಗಲೇ ಮೊಬೈಲ್‌ಗೆ ಹಾಕಿಕೊಳ್ಳಿ ಎಂದು ಹೇಳಬೇಕು. ತೊಡಕಿರುವುದು ಕ್ರಿಯಾಪದದಲ್ಲಿ.

ಡೌನ್‌ಲೋಡ್‌ಗೆ ‘ಇಳಿಸಿಕೊಳ್ಳು’ ಎಂದು ಬರೆಯುವ ರೂಢಿ ಇದೆ, ಕಿವಿಗೂ ಹಿತವಾಗಿದೆ. ಆದರೆ ಕರಡು ಓದಿದ ಬೆಳೆಗಾರರೊಬ್ಬರು, ‘ನಾನು ಇಳಿಸಿಕೊಂಡರೆ ಅಲ್ಲಿ ಖಾಲಿಯಾಗುವುದಿಲ್ಲವೇ ಸಾರ್? ನಮ್ಮ ತಮ್ಮನೂ ನೋಡಬೇಕಲ್ಲ’ ಎಂದರು. ಪ್ರಶ್ನೆ ನ್ಯಾಯವಾದದ್ದೇ. ಮಾರುಕಟ್ಟೆಯಲ್ಲಿ ಗೂಡಿನ ಚೀಲ ಇಳಿಸಿದರೆ ಗಾಡಿ ಖಾಲಿಯಾಗುತ್ತದೆ. ಡ್ರೈವ್‌ನಲ್ಲಿ ಹಾಗಲ್ಲ: ನಮಗೆ ಸಿಗುವುದು ಒಂದು ಪ್ರತಿ, ಮೂಲ ಅಲ್ಲೇ ಇರುತ್ತದೆ, ಇಳಿಸಿಕೊಂಡದ್ದನ್ನು ಮೊಬೈಲ್‌ನಿಂದ ಅಳಿಸಿದರೂ ಮೂಲಕ್ಕೆ ಏನೂ ಆಗುವುದಿಲ್ಲ. (ಗೂಗಲ್ ಫೋಟೋಸ್‌ನ ರೀತಿ ಬೇರೆ. ಬ್ಯಾಕಪ್ ಆಗಿರುವ ವಿಡಿಯೋವನ್ನು ಆ ಆ್ಯಪ್‌ನಲ್ಲಿ ಅಳಿಸಿದರೆ ಎರಡೂ ಕಡೆ ಹೋಗುತ್ತದೆ.) ಸದ್ಯಕ್ಕೆ ‘ಒಂದು ಪ್ರತಿ ಇಳಿಸಿಕೊಳ್ಳಿ’ ಎಂದು ತಿದ್ದಿದ್ದೇನೆ. ಉದ್ದವಾಯಿತು, ಆದರೆ ಅನುಮಾನಕ್ಕೆ ಎಡೆಯಿಲ್ಲ.

ನನಗೆ ಒಗ್ಗದಿರುವುದು ಸೇವ್‌ಗೆ ಬಳಸುವ ‘ಉಳಿಸು’. ಉಳಿತಾಯ ಖಾತೆಯಲ್ಲಿ ಅದು ಸರಿ, ಪ್ರಾಣ ಉಳಿಸುವುದರಲ್ಲೂ ಸರಿ. ಆದರೆ ‘ತಟ್ಟೆಯಲ್ಲಿ ಅನ್ನ ಉಳಿಸಬೇಡ’ ಎನ್ನುವಾಗ ಅದರ ಅರ್ಥ ಬಿಟ್ಟುಬಿಡುವುದು ಎಂದೇ. ಇದ್ದದ್ದರಲ್ಲಿ ಖರ್ಚಾಗದೆ ಮಿಗುವುದು ಉಳಿಕೆ. ಬೇಕೆಂದೇ ಆರಿಸಿ ಇಟ್ಟುಕೊಂಡದ್ದು ಉಳಿಕೆಯಲ್ಲ. ಸಾಲದ್ದಕ್ಕೆ ‘ಇಳಿಸಿ’, ‘ಉಳಿಸಿ’ ಎರಡೂ ಒಂದೇ ಸಾಲಿನಲ್ಲಿ ಬಂದರೆ ಅಚ್ಚಿನ ದೋಷದಂತೆ ಕಾಣುತ್ತದೆ. ಇದಕ್ಕೆ ‘ತೆಗೆದಿಡು’ ಒಪ್ಪುತ್ತದೆ ಎನಿಸುತ್ತದೆ. ಮುಂದಿನ ಬಿತ್ತನೆಗೆ ರಾಗಿಯನ್ನು ಯಾರೂ ‘ಉಳಿಸುವುದಿಲ್ಲ’, ತೆಗೆದಿಡುತ್ತಾರೆ. ಮುಂದೆ ಬೇಕಾಗುತ್ತದೆ ಎಂಬ ಯೋಚನೆ ಆ ಪದದೊಳಗೇ ಇದೆ.

ಇನ್ನೊಂದು ಗಂಟು ಉಳಿದಿದೆ. ಡ್ರೈವ್ ಆ್ಯಪ್‌ನಲ್ಲಿ ಡೌನ್‌ಲೋಡ್ ಬೇರೆ, ಆಫ್‌ಲೈನ್ ಬೇರೆ. ಆಂಡ್ರಾಯ್ಡ್‌ನಲ್ಲಿ ಡೌನ್‌ಲೋಡ್ ಮಾಡಿದ ವಿಡಿಯೋ ಡೌನ್‌ಲೋಡ್ಸ್ ಫೋಲ್ಡರ್‌ಗೆ ಬರುತ್ತದೆ, ಯಾವ ಪ್ಲೇಯರ್‌ನಲ್ಲಾದರೂ ತೆರೆಯಬಹುದು. ಆಫ್‌ಲೈನ್ ಎಂದು ಗುರುತು ಹಾಕಿದ್ದು ಆ್ಯಪ್‌ನ ಒಳಗೇ ಇರುತ್ತದೆ. ನೆಟ್ ಇಲ್ಲದೆ ನೋಡಬಹುದು, ಗ್ಯಾಲರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಎರಡೂ ಮೊಬೈಲ್‌ನ ಜಾಗವನ್ನೇ ತಿನ್ನುತ್ತವೆ. ಈ ಎರಡನೆಯದಕ್ಕೆ ‘ಜಾಲರಹಿತ’ ಎಂಬ ಸಲಹೆ ಬಂತು. ಓದಿದವರು ಮೀನಿನ ಬಲೆಯನ್ನು ನೆನೆದಾರು. ‘ನೆಟ್ ಇಲ್ಲದಾಗ ನೋಡಲು ಆ್ಯಪ್‌ನಲ್ಲೇ ಇಟ್ಟುಕೊಳ್ಳಿ’ ಎಂದು ಬಿಡಿಸಿ ಬರೆದಿದ್ದೇನೆ, ಆದರೆ ಗುಂಡಿಯ ಹೆಸರಾಗಲು ಅದು ತೀರಾ ಉದ್ದ.

ಕ್ಲೌಡ್ ಅನ್ನು ಕ್ಲೌಡ್ ಎಂದೇ ಬಿಟ್ಟಿದ್ದೇನೆ. ಮಳೆ ಕೈಕೊಡುವ ನಮ್ಮ ಸೀಮೆಯಲ್ಲಿ ‘ಮೋಡದಲ್ಲಿಡಿ’ ಎಂದರೆ ಯಾರೂ ನಂಬಲಾರರು.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ‘ತೆಗೆದಿಡು’ ನಿಮ್ಮ ಕಡೆ ಬೇರೆ ಅರ್ಥ ಕೊಡುತ್ತದೆಯೇ? ‘ಇದನ್ನು ಆಚೆ ತೆಗೆದಿಡು’ ಎಂಬಂತೆ ದೂರ ಸರಿಸುವ ಅರ್ಥವೇ ಮೊದಲು ಹೊಳೆಯುತ್ತದೆಯೇ? ಬಾಗೇಪಲ್ಲಿ ಕಡೆ ಮನೆಮಾತು ತೆಲುಗಾದವರು ‘ದಿಂಚುಕೋ’ ಎನ್ನುವ ಜಾಗದಲ್ಲಿ, ಕನ್ನಡ ಆಡುವಾಗ ‘ಇಳಿಸಿಕೋ’ ಎನ್ನುತ್ತಾರೋ, ಡೌನ್‌ಲೋಡ್ ಎಂದೇ ಬಿಡುತ್ತಾರೋ? ಆಫ್‌ಲೈನ್‌ಗೆ ಎರಡು ಪದಗಳೊಳಗೆ ಮುಗಿಯುವಂತಹದ್ದು ಯಾರ ಬಾಯಲ್ಲಾದರೂ ಕೇಳಿದ್ದರೆ, ಯಾವ ಊರಿನಲ್ಲಿ ಎಂಬುದನ್ನೂ ಸೇರಿಸಿ ತಿಳಿಸಿ.