ವಿಯೆನ್ನಾದಲ್ಲಿ ನಾಲ್ಕು ದಿನ: ಏನು ನೋಡುವುದು, ಏನು ಉಣ್ಣುವುದು?

ಪ್ರಶ್ನೆ:
ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಪತ್ನಿ ಹಾಗೂ ಎಪ್ಪತ್ತು ದಾಟಿದ ನನ್ನ ತಾಯಿ ವಿಯೆನ್ನಾಕ್ಕೆ ಹೋಗುತ್ತಿದ್ದೇವೆ. ಗುರುವಾರ ಬೆಳಗ್ಗೆ ತಲುಪಿ ಭಾನುವಾರ ರಾತ್ರಿ ಹೊರಡುತ್ತೇವೆ. ಅಮ್ಮನಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರರು. ಮೂವರೂ ಸಸ್ಯಾಹಾರಿಗಳು, ಮೊಟ್ಟೆ ಆಗುತ್ತದೆ. ಅರಮನೆ, ವಸ್ತುಸಂಗ್ರಹಾಲಯ, ಚರ್ಚ್ ಎಂದು ನಾನು ಬರೆದಿಟ್ಟ ಪಟ್ಟಿ ಇಪ್ಪತ್ತು ಸ್ಥಳ ದಾಟಿದೆ. ಯಾವುದನ್ನು ಬಿಡಬಹುದು?

ಉತ್ತರ 1:
ಅರ್ಧಕ್ಕಿಂತ ಹೆಚ್ಚು ಬಿಡಿ. ಷೋನ್‌ಬ್ರುನ್ ಅರಮನೆಯಲ್ಲಿ 1,441 ಕೋಣೆಗಳಿದ್ದರೂ ಪ್ರವಾಸಿಗರಿಗೆ ತೋರಿಸುವುದು ಅದರ ಸಣ್ಣ ಭಾಗವನ್ನು ಮಾತ್ರ. ಅದಕ್ಕೊಂದು ಬೆಳಗಿನ ಹೊತ್ತು ಸಾಕು. ಹಿಂದಿನ ವಿಶಾಲ ಉದ್ಯಾನಕ್ಕೆ ಪ್ರವೇಶ ಉಚಿತವಾದ್ದರಿಂದ ತಾಯಿಯವರು ಅಲ್ಲಿ ಆರಾಮವಾಗಿ ಕುಳಿತಿರಬಹುದು. ಸ್ಟೆಫಾನ್ಸ್‌ಡೋಮ್ ಎಂಬ ದೊಡ್ಡ ಚರ್ಚ್‌ನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲುಗಳಿವೆ, ಆದರೆ ಉತ್ತರದ ಗೋಪುರಕ್ಕೆ ಲಿಫ್ಟ್ ಇದೆ. ಎಷ್ಟೋ ಜನ ಇದನ್ನು ತಿಳಿಯದೆ ಕೆಳಗಿನಿಂದಲೇ ನೋಡಿ ಬರುತ್ತಾರೆ.

ಹಳೆಯ ಕೋಟೆಗೋಡೆ ಕೆಡವಲು 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಆದೇಶಿಸಿದ ಮೇಲೆ, ಆ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಎಂಬ ಅಗಲವಾದ ರಸ್ತೆ ಬಂತು. ಅಲ್ಲಿನ ಟ್ರಾಮ್‌ನ ಕಿಟಕಿ ಪಕ್ಕ ಕುಳಿತರೆ ಅಪೆರಾ ಭವನ, ಸಂಸತ್ತು, ಪುರಭವನ, ನಾಟಕಶಾಲೆ ಎಲ್ಲವೂ ಒಂದರ ಹಿಂದೊಂದು ಎದುರಾಗುತ್ತವೆ. ನನ್ನನ್ನು ಕೇಳಿದರೆ, ಮೊದಲ ದಿನ ಬೇರೇನೂ ಬೇಡ. ಚಿತ್ರಕಲೆಗೆ ಒಂದೇ ಕಡೆ ಹೋಗುವುದಾದರೆ ಕುನ್ಸ್ಟ್‌ಹಿಸ್ಟೋರಿಷೆಸ್ ವಸ್ತುಸಂಗ್ರಹಾಲಯದ ಬ್ರೂಗೆಲ್ ಎಂಬ ಚಿತ್ರಕಾರನ ಕೋಣೆಗೆ ಹೋಗಿ. ಕ್ಲಿಮ್ಟ್‌ನ 'ಚುಂಬನ' ಎಂಬ ಚಿತ್ರ ನೋಡಲೇಬೇಕೆಂದರೆ ಬೆಲ್ವೆಡೆರೆ ಅರಮನೆಗೆ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಉತ್ತರ 2:
ಊಟದ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿನ ಸೂಪ್ ತರಕಾರಿಯದಾಗಿ ಕಂಡರೂ ಅನೇಕ ಸಲ ದನದ ಮಾಂಸದ ಸಾರಿನಲ್ಲಿ ಮಾಡಿರುತ್ತಾರೆ. ಆದ್ದರಿಂದ ಕೇಳದೆ ಸೂಪ್ ತರಿಸಬೇಡಿ. ಬೈಸ್ಲ್ ಎನ್ನುವ ಸಾಧಾರಣ ಊಟದ ಮನೆಗಳಲ್ಲಿ ಬೇಯಿಸಿದ ಹಿಟ್ಟಿನ ಸಣ್ಣ ತುಣುಕುಗಳಿಗೆ ಚೀಸ್ ಬೆರೆಸಿದ ಕೇಸೆಷ್ಪೆಟ್ಸ್ಲೆ ಹಾಗೂ ಮೊಟ್ಟೆ ಬೆರೆಸಿದ ಐಯರ್‌ನೋಕೆರ್ಲ್ ಹೊಟ್ಟೆ ತುಂಬಿಸುತ್ತವೆ. ಹಂದಿಮಾಂಸದ ಚೂರು ಬೇಡವೆಂದು ಮೊದಲೇ ಹೇಳಿಬಿಡಿ. ತಾಯಿಯವರಿಗೆ ಕೈಸರ್‌ಷ್ಮಾರ್ನ್ ಹಿಡಿಸಬಹುದು: ದಪ್ಪನೆಯ ಸಿಹಿ ದೋಸೆಯನ್ನು ಬಾಣಲೆಯಲ್ಲೇ ಹರಿದು, ಸಕ್ಕರೆ ಉದುರಿಸಿ, ಬೇಯಿಸಿದ ಪ್ಲಮ್ ಹಣ್ಣಿನ ಜೊತೆ ಕೊಡುತ್ತಾರೆ. ಅದಕ್ಕೆ ಹಾಕುವ ಒಣದ್ರಾಕ್ಷಿಯನ್ನು ಕೆಲವರು ರಮ್‌ನಲ್ಲಿ ನೆನೆಸುವುದುಂಟು; ಬೇಡದಿದ್ದರೆ ವಿಚಾರಿಸಿ.

ಕಾಫಿಮನೆಯಲ್ಲಿ ಒಂದು ಮೆಲಾಂಜ್ (ನೊರೆಹಾಲು ಬೆರೆಸಿದ ಕಾಫಿ) ತರಿಸಿ ಒಂದು ಗಂಟೆ ಕುಳಿತರೂ ಯಾರೂ ಏಳಿಸುವುದಿಲ್ಲ, ಕಾಫಿಯ ಜೊತೆ ಒಂದು ಲೋಟ ನೀರೂ ಬರುತ್ತದೆ. ನೀವು ಕೇಳುವವರೆಗೆ ಬಿಲ್ ತರುವುದಿಲ್ಲ; ಅದು ಅಲಕ್ಷ್ಯವಲ್ಲ, ಅಲ್ಲಿನ ಮರ್ಯಾದೆ. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಬರುವ ಬದಲು ಕೊಡುವಾಗಲೇ ಸೇರಿಸಿ ಹೇಳಬೇಕು: ಬಿಲ್ 27.40 ಯೂರೋ ಆದರೆ 'ಮೂವತ್ತು' ಎಂದರೆ ಸಾಕು. ನಾನು ಮೊದಲ ದಿನ ಚಿಲ್ಲರೆಯನ್ನು ತಟ್ಟೆಯಲ್ಲಿ ಬಿಟ್ಟು ಎದ್ದಾಗ, ಮರೆತಿದ್ದೀರೆಂದು ಪರಿಚಾರಕ ಬಾಗಿಲವರೆಗೆ ಬಂದು ಕೊಟ್ಟ!

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಮ್ಮನಿಗೆ ಸಂಗೀತವೆಂದರೆ ಬಹಳ ಇಷ್ಟ. ಅಪೆರಾದ ಅಗ್ಗದ ಟಿಕೆಟ್‌ನಲ್ಲಿ ನಿಲ್ಲಬೇಕಂತೆ, ನಿಜವೇ? ಭಾನುವಾರ ಏನೇನು ಮುಚ್ಚಿರುತ್ತದೆ?

ಉತ್ತರ 3:
ನಿಜ, ಕೈಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಕಾದಿರಿಸುವ ಪದ್ಧತಿಯೂ ಇದೆ, ಆದರೆ ಮೊಣಕಾಲು ನೋವಿರುವವರಿಗೆ ಅದು ಸಲ್ಲ. ಸೆಪ್ಟೆಂಬರ್‌ನ ಕೆಲವು ಸಂಜೆ ಒಳಗಿನ ಪ್ರದರ್ಶನವನ್ನು ಹೊರಗಿನ ಚೌಕದ ದೊಡ್ಡ ಪರದೆಯಲ್ಲಿ ಉಚಿತವಾಗಿ ತೋರಿಸುತ್ತಾರೆ. ಕುರ್ಚಿಗಳಿರುತ್ತವೆ, ಶಾಲು ಒಯ್ಯಿರಿ.

ಭಾನುವಾರ ಸೂಪರ್‌ಮಾರ್ಕೆಟ್‌ಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳಲ್ಲಿ ಮಾತ್ರ ಕೆಲವು ತೆರೆದಿರುತ್ತವೆ. ನಾಷ್‌ಮಾರ್ಕ್ಟ್ ಸಂತೆಯೂ ಇರುವುದಿಲ್ಲ, ಅದನ್ನು ಶುಕ್ರವಾರವೇ ಮುಗಿಸಿ. ಭಾನುವಾರ ಬೆಳಗ್ಗೆ ಸಂಗೀತಪ್ರಿಯರಾದ ತಾಯಿಯವರನ್ನು ತ್ಸೆಂಟ್ರಾಲ್‌ಫ್ರೀಡ್‌ಹೋಫ್ ಸ್ಮಶಾನಕ್ಕೆ ಕರೆದೊಯ್ಯಿರಿ. ಬೀಥೋವನ್, ಶುಬರ್ಟ್, ಬ್ರಾಮ್ಸ್ ಮೂವರ ಸಮಾಧಿಗಳೂ ಅಲ್ಲಿ ಹತ್ತಿರಹತ್ತಿರದಲ್ಲಿವೆ, ದಾರಿಯೂ ಸಮತಟ್ಟು.