ಪದ ಬೇಕು: ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಏನನ್ನೋಣ? ನಾಳೆ ಪ್ರಿಂಟಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಪಾಲಿಟೆಕ್ನಿಕ್ ಲ್ಯಾಬಿನ ಗೋಡೆಗೆ ಒಂದು ದೊಡ್ಡ ಹಾಳೆ ಮಾಡುತ್ತಿದ್ದೇನೆ. ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಫೋಲ್ಡರ್‌ಗಳನ್ನು ಹೇಗೆ ಜೋಡಿಸಬೇಕು, ಪಾಸ್‌ವರ್ಡ್, ಪೋರ್ಟ್ ನಂಬರ್ ಇವನ್ನೆಲ್ಲ ಕೋಡಿನೊಳಗೆ ಬರೆಯದೆ ಹೊರಗೆ ಹೇಗೆ ಇಡಬೇಕು ಅನ್ನುವುದು ವಿಷಯ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದ ಮಕ್ಕಳು ಜಾಸ್ತಿ. ಎಸ್‌ಆರ್‌ಸಿ, ಟೆಸ್ಟ್ಸ್, ಡಾಕ್ಸ್ ಅನ್ನುವ ಫೋಲ್ಡರ್ ಹೆಸರುಗಳನ್ನು ನಾನು ಮುಟ್ಟುವುದಿಲ್ಲ, ಅವನ್ನು ಹಾಗೇ ಟೈಪ್ ಮಾಡಬೇಕು. ಆದರೆ ಫೋಲ್ಡರ್‌ಗೆ ‘ಕಡತಕೋಶ’ ಅಂತ ಹಾಕಲೇ? ಹಾಗೆ ಕೋಡಿನ ಹೊರಗೆ ಇಡುವ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ‘ಪರಿಸರ ಚರಾಕ್ಷರ’ ಅಂತ ಬರೆದು ತೋರಿಸಿದರೆ ಒಬ್ಬ ಹುಡುಗಿ ‘ಗಿಡ ನೆಡೋದಾ ಮೇಡಂ?’ ಅಂದಳು. ನಾಳೆ ಮಧ್ಯಾಹ್ನದೊಳಗೆ ಹೇಳಿ.

ಉತ್ತರ 1

ಕಡತಕೋಶ ಬೇಡವೇ ಬೇಡ ಮೇಡಂ. ಕಡತ ಅಂದರೆ ಏನಾಗಿತ್ತು ಅಂತ ಯಾರೂ ಹಿಂದಿರುಗಿ ನೋಡುವುದಿಲ್ಲ. ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿಟ್ಟು, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ 1810ರಲ್ಲೇ ಅದನ್ನು ವಿವರಿಸಿದ್ದಾನೆ, ಶೃಂಗೇರಿ ಮಠದ ಹಳೆಯ ದಾಖಲೆಗಳೂ ಕಡತಗಳಲ್ಲಿವೆ. ಇಂಗ್ಲಿಷಿನ ಫೋಲ್ಡರ್ ಕೂಡ ಮಡಿಚುವುದರಿಂದಲೇ ಹುಟ್ಟಿದ್ದು. ಹಾಗಾಗಿ ಫೋಲ್ಡರ್‌ಗೇ ‘ಕಡತ’ ಅನ್ನಬೇಕಿತ್ತು. ಅದನ್ನು ಫೈಲಿಗೆ ಕೊಟ್ಟು, ಆಮೇಲೆ ಪದ ಸಾಲದೆ ಕೋಶ ಅಂಟಿಸಿದರು.

ಉತ್ತರ 2

ಇನ್ನೂರು ವರ್ಷದ ಹಿಂದಿನ ಬಟ್ಟೆ ಇವರ ಹಾಳೆಗೆ ಯಾಕೆ? ತಾಲ್ಲೂಕು ಕಚೇರಿಯಲ್ಲಿ ಕಡತ ಅಂದರೆ ಫೈಲು. ಮುಗಿಯಿತು. ಇನ್ನು ಪರಿಸರ, ಚರ, ಅಕ್ಷರ, ಕೋಶ ಎಲ್ಲ ಸಂಸ್ಕೃತ. ‘ಸುತ್ತಣ ಬೆಲೆ’ ಅನ್ನಿ, ಕನ್ನಡದ್ದೇ.

ಉತ್ತರ 3

ಸುತ್ತಣ ಬೆಲೆ ಅಂದರೆ ಸುತ್ತಲ ಸಂತೆಯ ದರ ಅನಿಸುತ್ತದೆ ಸರ್. ಪದ ಕಟ್ಟುವ ಮೊದಲು ಅದು ಮಾಡುವ ಕೆಲಸ ನೋಡೋಣ. 1979ರಲ್ಲಿ, ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮಿನ ಏಳನೇ ಆವೃತ್ತಿಯಲ್ಲಿ ಇದು ಬಂತು. ಒಂದು ಹೆಸರು, ಅದಕ್ಕೊಂದು ಬೆಲೆ. ಒಂದು ಪ್ರೋಗ್ರಾಮ್ ಇನ್ನೊಂದನ್ನು ಶುರು ಮಾಡುವಾಗ ಈ ಜೋಡಿಗಳ ನಕಲನ್ನು ಅದರ ಕೈಗಿಟ್ಟು ಕಳಿಸುತ್ತದೆ. ಹಾಗೆ ಶುರುವಾದ ಮಗು ಪ್ರೋಗ್ರಾಮ್ ತನ್ನ ನಕಲಿನಲ್ಲಿ ಏನು ಬದಲಿಸಿದರೂ ತಾಯಿಯ ಹತ್ತಿರ ಇರುವುದು ಬದಲಾಗುವುದಿಲ್ಲ. ಹೇಳಿಕೊಡುವಾಗ ನಾನು ‘ಬುತ್ತಿ’ ಅನ್ನುತ್ತೇನೆ, ಅವ್ವ ಕಟ್ಟಿ ಕಳಿಸಿದ ಬುತ್ತಿ. ಮಕ್ಕಳಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಚರಾಕ್ಷರ ಗಣಿತದ ಪುಸ್ತಕದ್ದು. ಅಲ್ಲಿ ಎಕ್ಸ್, ವೈ ಅಂತ ಒಂದೊಂದೇ ಅಕ್ಷರ, ಸರಿ. ‘ಡೇಟಾಬೇಸ್ ಯುಆರ್‌ಎಲ್’ ಅನ್ನುವಷ್ಟು ಉದ್ದದ ಹೆಸರನ್ನು ಅಕ್ಷರ ಅನ್ನೋದು ಹೇಗೆ? ಅಕ್ಷರ ಬಿಟ್ಟು ‘ಪರಿಸರ ಚರ’ ಅಂದರೆ ಜಲಚರ, ನಿಶಾಚರದ ಸಾಲಿಗೆ ಸೇರುತ್ತದೆ.

ಇನ್ನೊಂದು ಮಾತು. ನನ್ನ ಮೊದಲ ಕೆಲಸದಲ್ಲಿ ಈ ಜೋಡಿಗಳನ್ನು ಬರೆದಿಡುವ ಡಾಟ್ ಎನ್ವ್ ಫೈಲನ್ನು, ಕೋಡಿನ ಬದಲಾವಣೆಗಳನ್ನೆಲ್ಲ ಉಳಿಸಿಡುವ ಗಿಟ್‌ಗೆ ಸೇರಿಸಿಬಿಟ್ಟಿದ್ದೆ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ, ಅಂದರೆ ಗಿಟ್ ಉಳಿಸಿಟ್ಟ ಹಳೆಯ ಪ್ರತಿಯಲ್ಲಿ, ಪಾಸ್‌ವರ್ಡ್ ಹಾಗೇ ಕೂತಿತ್ತು, ಕೊನೆಗೆ ಪಾಸ್‌ವರ್ಡನ್ನೇ ಬದಲಿಸಬೇಕಾಯಿತು. ಆ ಫೈಲಿನ ಹೆಸರನ್ನು, ಗಿಟ್ ಸೇರಿಸಿಕೊಳ್ಳಬಾರದ ಫೈಲುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿ ಬರೆಯಿರಿ, ಬೆಲೆ ತುಂಬದ ಒಂದು ಮಾದರಿ ಫೈಲು ಮಾತ್ರ ಹಂಚಿ ಅನ್ನುವ ಸಾಲು ದೊಡ್ಡದಾಗಿ ಬರಲಿ ಮೇಡಂ.

ಉತ್ತರ 2, ಮತ್ತೆ

ಗಿಟ್, ಕಮಿಟ್, ಪಾಸ್‌ವರ್ಡ್, ಫೈಲು. ನಿಮ್ಮ ಸಾಲಿನಲ್ಲಿ ಕನ್ನಡ ಉಳಿದಿರೋದು ಕ್ರಿಯಾಪದದಲ್ಲಿ ಮಾತ್ರ. ಕರ್ನಾಟಕದ ಕಾಲೇಜಿನ ಗೋಡೆಯ ಮೇಲೂ ಇದೇ ಬೇಕಾ?

ಉತ್ತರ 3, ಮತ್ತೆ

ಅಲಮಾರು ಪೋರ್ಚುಗೀಸರದ್ದು. ಕುರ್ಚಿ, ತಾರೀಖು ಅರಬ್ಬಿ. ‘ಅಲಮಾರಿನಲ್ಲಿ’ ಅಂತ ವಿಭಕ್ತಿ ಹಚ್ಚಿದ ಮೇಲೆ ನಮ್ಮದೇ. ನೀವು ಬರೆದ ‘ಕಚೇರಿ’ ಎಲ್ಲಿಯದು ಸರ್?

ಉತ್ತರ 2, ಮತ್ತೆ

ಅವು ಬಾಯಿಂದ ಬಾಯಿಗೆ ಸವೆದು ಬಂದವು. ಅರ್ಮಾರಿಯೊ ಅಲಮಾರು ಆಗೋದಕ್ಕೆ ನಮ್ಮ ನಾಲಿಗೆ ಕೆಲಸ ಮಾಡಿದೆ. ಈಗಿನವು ಸವೆಯದೆ ಇಳಿಯುತ್ತಿವೆ, ನಾವು ಕಾಗುಣಿತ ಮಾತ್ರ ಬದಲಿಸುತ್ತಿದ್ದೇವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಉತ್ತರ 1, ಮತ್ತೆ

ಕಡತಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಕೇಳಿದವರಿಂದ

ಪ್ರಿಂಟಿಗೆ ಹೋಯಿತು. ಫೋಲ್ಡರ್ ಹಾಗೇ ಉಳಿಯಿತು, ಮಕ್ಕಳ ಫೋನಿನಲ್ಲೂ ಅದೇ ಇದೆ. ಮೇಲೆ ‘ಎನ್ವಿರಾನ್ಮೆಂಟ್ ವೇರಿಯಬಲ್’ ಅಂತ ಹಾಕಿ, ಅದರ ಕೆಳಗೆ ‘ಪ್ರೋಗ್ರಾಮಿಗೆ ಹೊರಗಿನಿಂದ ಕಟ್ಟಿಕೊಡುವ ಬುತ್ತಿ: ಒಂದು ಹೆಸರು, ಅದಕ್ಕೊಂದು ಬೆಲೆ’ ಅಂತ ಬರೆದಿದ್ದೇನೆ. ನಾನು ‘ಮೌಲ್ಯ’ ಅಂತ ಬರೆದಿದ್ದೆ, ‘ಬೆಲೆ’ ಕೊಟ್ಟವರಿಗೆ ಥ್ಯಾಂಕ್ಸ್. ಗಿಟ್‌ಇಗ್ನೋರ್ ಸಾಲು ಕೆಂಪು ಬಣ್ಣದಲ್ಲಿದೆ. ಕಡತದ ವಿಷಯ ಬರೆದ ಸರ್, ಹಳೆಯ ಕಡತದ ಫೋಟೋ ಇದ್ದರೆ ಕಳಿಸಿ. ಫೋಲ್ಡರ್ ಪಾಠದ ದಿನ ತೋರಿಸುತ್ತೇನೆ.