ಕಾಮೆಂಟರಿ ಹೇಳೋಕೆ ಕರೆದಿದ್ದಾರೆ, ಧ್ವನಿ ನಡುಗುತ್ತದೆ. ಒಪ್ಪಿಕೊಂಡು ತಪ್ಪು ಮಾಡಿದೆನಾ?

ಲಿಬೆರೊ_7

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತು ವರ್ಷ ವಾಲಿಬಾಲ್ ಆಡಿದವಳು, ಮೊದಲು ಶಾಲೆಯಲ್ಲಿ, ಆಮೇಲೆ ಕಾಲೇಜು ತಂಡದಲ್ಲಿ ಲಿಬೆರೊ ಆಗಿ, ಅಂದರೆ ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿ ಹೊಡೆದ ಚೆಂಡು ಎತ್ತುವವಳಾಗಿ. ಕಳೆದ ವರ್ಷ ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತಿತು. ಈಗ ಒಂದು ಟೂರ್ನಮೆಂಟನ್ನು ಯೂಟ್ಯೂಬಿನಲ್ಲಿ ಲೈವ್ ಹಾಕುತ್ತಾರಂತೆ, ಕಾಮೆಂಟರಿ ಹೇಳುತ್ತೀರಾ ಅಂತ ಕೇಳಿದರು. ಗಂಡಸರ ಪಂದ್ಯಗಳೂ ಇವೆ. ಹ್ಞೂಂ ಅಂದುಬಿಟ್ಟೆ. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಮೊನ್ನೆ ಅಭ್ಯಾಸಕ್ಕೆ ಅಂತ ಒಂದು ಪಂದ್ಯಕ್ಕೆ ಕೂತೆ. ಮೊದಲ ಸೆಟ್ ಪೂರ್ತಿ ಧ್ವನಿ ನಡುಗುತ್ತಿತ್ತು. ಪಕ್ಕದಲ್ಲಿದ್ದ ಹುಡುಗ ಸರಾಗವಾಗಿ ಮಾತಾಡುತ್ತಿದ್ದ, ನಾನು ಅವನು ಹೇಳಿದ್ದಕ್ಕೆಲ್ಲ "ಹೌದು ಹೌದು" ಅನ್ನುವುದರಲ್ಲೇ ಉಳಿದೆ. ವಿಡಿಯೊ ಕೆಳಗೆ ಯಾರೋ ಒಬ್ಬರು "ಇವಳಿಗೇನು ಗೊತ್ತು ಆಟ" ಅಂತ ಬರೆದಿದ್ದಾರೆ. ಒಂದೇ ಒಂದು ಕಾಮೆಂಟು, ಆದರೂ ತಲೆಯಿಂದ ಹೋಗುತ್ತಿಲ್ಲ. ದೊಡ್ಡ ಮಟ್ಟದಲ್ಲಿ ಆಡದವರು ಈ ಕೆಲಸಕ್ಕೆ ಹೋಗಬಹುದಾ? ಧೈರ್ಯ ಬರುವವರೆಗೆ ಬೇಡ ಅಂತ ಹೇಳಿಬಿಡಲಾ?

ಸ್ಕೋರ್‌ಶೀಟ್

ಬೇಡ ಅಂತ ಮಾತ್ರ ಹೇಳಬೇಡಿ. ನಾನು ಆರು ವರ್ಷದಿಂದ ಬಾಸ್ಕೆಟ್‌ಬಾಲ್, ಹಾಕಿ ಪಂದ್ಯಗಳಿಗೆ ಕಾಮೆಂಟರಿ ಹೇಳುತ್ತಿದ್ದೇನೆ. ಧೈರ್ಯ ಮೊದಲು ಬಂದು ಆಮೇಲೆ ಮೈಕ್ ಹಿಡಿದದ್ದಲ್ಲ, ಹತ್ತು ಹನ್ನೆರಡು ಪಂದ್ಯ ಆದ ಮೇಲೆ ಕೈ ನಡುಗುವುದು ನಿಂತಿತು, ಅಷ್ಟೇ.

ನಿಮ್ಮ ತೊಂದರೆ ಧ್ವನಿಯದ್ದಲ್ಲ, ಯಾರ ಕೆಲಸ ಯಾವುದು ಅಂತ ಹಂಚಿಕೊಳ್ಳದೇ ಇದ್ದದ್ದು ಅಂತ ನನಗನ್ನಿಸುತ್ತದೆ. ಸಾಮಾನ್ಯವಾಗಿ ಎರಡು ಕುರ್ಚಿ ಇರುತ್ತವೆ. ಒಬ್ಬರು ಆಗುತ್ತಿರುವುದನ್ನು ಹೇಳುತ್ತಾರೆ: ಸರ್ವ್ ಯಾರದ್ದು, ಪಾಯಿಂಟ್ ಯಾರಿಗೆ. ಇನ್ನೊಬ್ಬರು ಅದು ಯಾಕೆ ಹಾಗಾಯಿತು ಅಂತ ಬಿಡಿಸಿ ಹೇಳುತ್ತಾರೆ. ನಿಮ್ಮದು ಎರಡನೇ ಕುರ್ಚಿ. ಲಿಬೆರೊ ಅಂದರೆ ಹಿಂದೆ ನಿಂತು ಇಡೀ ಕೋರ್ಟು ನೋಡಿದವರು ಅಲ್ವಾ? ಹೊಡೆಯುವವಳ ಭುಜ ಯಾವ ಕಡೆ ತಿರುಗಿದೆ, ಬ್ಲಾಕ್‌ನಲ್ಲಿ ಎಲ್ಲಿ ಸಂದಿ ಬಿದ್ದಿದೆ, ಚೆಂಡು ಉದ್ದಕ್ಕೆ ಬರುತ್ತದಾ ಇಲ್ಲ ಸುಮ್ನೆ ಬೆರಳಲ್ಲಿ ಮೆಲ್ಲಗೆ ತಟ್ಟಿ ಟಿಪ್ ಮಾಡುತ್ತಾಳಾ, ಇದನ್ನೆಲ್ಲ ಅರೆಕ್ಷಣದಲ್ಲಿ ಓದಿ ಡೈವ್ ಹೊಡೆದವರು ನೀವು. ಅದನ್ನೇ ಬಾಯಿಬಿಟ್ಟು ಹೇಳಿ.

ಇನ್ನು ತಯಾರಿ. ಪ್ರತಿ ತಂಡಕ್ಕೆ ಒಂದು ಹಾಳೆ ಮಾಡಿ, ನಂಬರ್, ಹೆಸರು, ಆಡುವ ಜಾಗ, ಪಕ್ಕದಲ್ಲಿ ಅವರ ಬಗ್ಗೆ ಒಂದೇ ಒಂದು ಸಂಗತಿ. ಹೆಸರು ಹೇಗೆ ಉಚ್ಚರಿಸಬೇಕು ಅಂತ ಆಟಗಾರರನ್ನೇ ಕೇಳಿ, ಇದರಲ್ಲಿ ತಪ್ಪಿದರೆ ಮನೆಯವರಿಗೆ ನಿಜವಾಗಿ ಬೇಜಾರಾಗುತ್ತದೆ. ಮನೆಯಲ್ಲಿ ಹಳೇ ಪಂದ್ಯದ ಸೌಂಡ್ ಮ್ಯೂಟ್ ಮಾಡಿ, ನೀವೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಎರಡು ವಾಕ್ಯ ಬರೆದಿಟ್ಟುಕೊಳ್ಳಿ, ಅಷ್ಟು ಹೇಳುವಷ್ಟರಲ್ಲಿ ಉಸಿರು ಹತೋಟಿಗೆ ಬರುತ್ತದೆ. ರೇಡಿಯೊದಲ್ಲಾದರೆ ಬಾಯಿ ನಿಲ್ಲಿಸುವ ಹಾಗಿಲ್ಲ, ವಿಡಿಯೊದಲ್ಲಿ ಜನ ನೋಡುತ್ತಿರುತ್ತಾರೆ. ಒಳ್ಳೇ ರ‍್ಯಾಲಿ ನಡೆಯುವಾಗ ಸುಮ್ಮನಿದ್ದರೂ ನಡೆಯುತ್ತದೆ.

ಹಳೇ_ರೇಡಿಯೊ

ದೊಡ್ಡ ಮಟ್ಟದಲ್ಲಿ ಆಡಿರಲೇಬೇಕಾ ಅಂತ ಕೇಳಿದ್ದೀರಿ. ಇಂಗ್ಲೆಂಡಿನ ಜಾಕಿ ಓಟ್ಲಿ ಅವರನ್ನು ನೋಡಿ. ಅವರ ಫುಟ್‌ಬಾಲ್ ಆಟವೂ ಮೊಣಕಾಲಿನ ಪೆಟ್ಟಿನಿಂದಲೇ ನಿಂತದ್ದು. ಆಮೇಲೆ ಪತ್ರಿಕೋದ್ಯಮ ಓದಿ, ರೇಡಿಯೊದಲ್ಲಿ ಪಳಗಿ, 2007ರಲ್ಲಿ ಬಿಬಿಸಿ ಟಿವಿಯ ಫುಟ್‌ಬಾಲ್ ಕಾರ್ಯಕ್ರಮ 'ಮ್ಯಾಚ್ ಆಫ್ ದಿ ಡೇ'ಯಲ್ಲಿ ಕಾಮೆಂಟರಿ ಹೇಳಿದ ಮೊದಲ ಮಹಿಳೆಯಾದರು. ಅವರು ಆ ಪಂದ್ಯಕ್ಕೆ ಬಾಯಿ ತೆರೆಯುವ ಮೊದಲೇ ಹೆಂಗಸಿಗೆ ಯಾಕೆ ಈ ಕೆಲಸ ಅಂತ ಗಲಾಟೆ ಎದ್ದಿತ್ತು. ಅಮೆರಿಕದ ಡೋರಿಸ್ ಬರ್ಕ್ ಕಾಲೇಜು ಮಟ್ಟದಲ್ಲಿ ಬಾಸ್ಕೆಟ್‌ಬಾಲ್ ಆಡಿದವರು, 1990ರಲ್ಲಿ ತಮ್ಮದೇ ಕಾಲೇಜಿನ ಹೆಣ್ಣುಮಕ್ಕಳ ಪಂದ್ಯಗಳಿಗೆ ರೇಡಿಯೊದಲ್ಲಿ ಶುರು ಮಾಡಿದರು. 2024ರಲ್ಲಿ ಅಲ್ಲಿನ ಗಂಡಸರ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಫೈನಲ್ಸ್‌ನ ಟಿವಿ ಪ್ರಸಾರದಲ್ಲಿ ವಿಶ್ಲೇಷಕರಾಗಿ ಕೂತರು, ಆ ಜಾಗಕ್ಕೆ ಬಂದ ಮೊದಲ ಮಹಿಳೆ. ನಡುವೆ 34 ವರ್ಷ. ಅಷ್ಟು ಕಾಯಬೇಕಾಗಿ ಬಂತಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೋಚ್_ಅಕ್ಕ

ನಾನು ಚಿಕ್ಕ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಮೈಕಿನ ಕೆಲಸ ನನಗೆ ಗೊತ್ತಿಲ್ಲ, ಆದರೆ ಒಂದು ಮಾತು ಹೇಳಬೇಕು. 13 ವರ್ಷದ ಒಬ್ಬಳು, ಒಳ್ಳೇ ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು), ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದಳು. ಕೇಳಿದರೆ ಓದು ಜಾಸ್ತಿ ಅಂದಳು. ಮೂರು ವಾರ ಆದ ಮೇಲೆ ಗೊತ್ತಾದದ್ದು, ತಂಡದ ಚಡ್ಡಿ ಬಿಳಿ, ಮುಟ್ಟಿನ ದಿನಗಳಲ್ಲಿ ಅದನ್ನು ಹಾಕಿಕೊಂಡು ಎಲ್ಲರ ಎದುರು ಡೈವ್ ಮಾಡುವುದಕ್ಕೆ ಅವಳಿಗೆ ಭಯ. ಕಪ್ಪು ಚಡ್ಡಿ ತರಿಸಿದೆವು. ಅವಳು ವಾಪಸ್ ಬಂದಳು. ವಿಂಬಲ್ಡನ್ ಟೆನಿಸ್‌ನಲ್ಲೂ ಬಿಳಿ ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿ ಹಾಕಬಹುದು ಅಂತಾದದ್ದು 2023ರಿಂದ ತಾನೇ? ಅದೇ ವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಹುಡುಗಿಯರೂ ಬಿಳಿ ಬಿಟ್ಟು ನೀಲಿ ಚಡ್ಡಿಗೆ ಬದಲಾದರು.

ಇದನ್ನು ಯಾಕೆ ಹೇಳಿದೆ ಅಂದರೆ, ಇಂಥ ಸಂಗತಿ ಆಡಿದ ಹೆಣ್ಣುಮಕ್ಕಳಿಗೇ ಗೊತ್ತಿರುತ್ತದೆ. ಕಾಮೆಂಟರಿಯಲ್ಲಿ ಹುಡುಗಿಯರ ಪಂದ್ಯ ಬಂದರೆ ಮುದ್ದಾಗಿದ್ದಾಳೆ, ನಗು ಚೆನ್ನಾಗಿದೆ ಅಂತ ಹೇಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ತಂಗಿ, ನೀವು ಅವಳ ಸರ್ವ್ ಬಗ್ಗೆ ಹೇಳಿ. ನನ್ನ ಹುಡುಗಿಯರು ಅದನ್ನು ಕೇಳಿಸಿಕೊಳ್ಳುತ್ತಾರೆ.

ಕ್ಯಾಮೆರಾ_ಹಿಂದೆ

ಕಾಮೆಂಟ್ ಓದಬೇಡಿ ಅಂತ ಹೇಳುವುದು ಸುಲಭ, ಆದರೆ ಅದನ್ನು ನೋಡಿಕೊಳ್ಳಬೇಕಾದ್ದು ಚಾನೆಲ್ ನಡೆಸುವವರು. ಲೈವ್ ಚಾಟಿಗೆ ಒಬ್ಬರನ್ನು ಕೂರಿಸಿ ಅಂತ ಈಗಲೇ ಕೇಳಿ. ಸಂಭಾವನೆಯನ್ನೂ ಕೇಳಿ, ಪಕ್ಕದ ಹುಡುಗನಿಗೆ ಕೊಡುವಷ್ಟೇ. ಬಿಡುವಿದ್ದಾಗ ರಿಪ್ಲೇ ಹಾಕುವವರ ಪಕ್ಕ ಕೂತು ನೋಡಿ. ಆ ಕೋಣೆಯಲ್ಲೂ ಹೆಂಗಸರು ತೀರಾ ಕಡಿಮೆ, ನಾನಿರುವ ತಂಡದಲ್ಲಿ ನಾನೊಬ್ಬಳೇ.

ಲಿಬೆರೊ_7

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನಿಮ್ಮ ಸೆಟ್ಟರ್ ಕಥೆಯನ್ನು ಎರಡು ಸಲ ಓದಿದೆ. ನಮ್ಮ ತಂಡದಲ್ಲೂ ಹಾಗೇ ಒಬ್ಬಳು ನಿಂತುಹೋದಳು, ನಾವು ಯಾರೂ ಕೇಳಲೇ ಇಲ್ಲ.

ನಿನ್ನೆ ಆ ಹುಡುಗನ ಜೊತೆ ಮಾತಾಡಿದೆ. ಸ್ಕೋರು ಅವನು ಹೇಳುತ್ತಾನೆ, ಕಾರಣ ನಾನು. ಇನ್ನೊಂದು ಪಂದ್ಯ ಹೇಳಿ ನೋಡಿದೆವು. ಎರಡನೇ ಸೆಟ್‌ನಲ್ಲಿ ಸೆಟ್ಟರ್ ಜಿಗಿಯುವಾಗ ಎಡಗೈ ಸ್ವಲ್ಪ ಮೊದಲೇ ಎತ್ತಿದ್ದು ಕಂಡಿತು. "ಈಗ ಇವಳು ಪಾಸ್ ಕೊಡಲ್ಲ, ತಾನೇ ನೆಟ್ ದಾಟಿಸಿ ಹಾಕುತ್ತಾಳೆ" ಅಂದೆ. ಹಾಗೇ ಆಯಿತು. ಹುಡುಗ ನನ್ನ ಕಡೆ ತಿರುಗಿ, ನಿಮಗೆ ಹೇಗೆ ಗೊತ್ತಾಯ್ತು ಅಂತ ಮೈಕಿನಲ್ಲೇ ಕೇಳಿಬಿಟ್ಟ, ಮುಂದಿನ ಅರ್ಧ ನಿಮಿಷ ನಾನೇ ಮಾತಾಡಿದೆ. ಧ್ವನಿ ಇನ್ನೂ ನಡುಗುತ್ತದೆ. ಶನಿವಾರ ಮೊದಲ ಪಂದ್ಯ, ಎರಡೂ ತಂಡದ ಹಾಳೆ ಇವತ್ತು ರಾತ್ರಿ ಮಾಡುತ್ತೇನೆ.